ಪಶುವೈದ್ಯ, ಕೃಷಿ ಓದಿಗೆ ಯಾವ ಕಾಲೇಜು?

ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಅವನ ಪಾಲಿಗೆ ಸದಕಾ ಆಗುತ್ತದೆ ಎಂದು ಪ್ರವಾದಿ(ಸ)ರು ಕಲಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಬಾಯಾರಿದ ನಾಯಿಗೆ ನೀರುಣಿಸಿದವನನ್ನು ಅಲ್ಲಾಹನು ಕ್ಷಮಿಸಿದ ಹದೀಸನ್ನೂ ಜುಮಾ ಖುತ್ಬಾಗಳಲ್ಲಿ ಕೇಳುತ್ತಲೇ ಇರುತ್ತೇವೆ. ಆದರೆ ಪಿಯುಸಿ ಮುಗಿಸಿದ ಮಗ ಪಶುವೈದ್ಯನಾಗುತ್ತೇನೆ ಎಂದರೆ 'ದನದ ಡಾಕ್ಟರಾ?' ಎಂದು ಮೂಗು ಮುರಿಯುವವರೂ ನಾವೇ. ಕುರ್ಬಾನಿಯ ಪ್ರಾಣಿ ಕುರುಡು, ಕುಂಟು, ರೋಗಿ, ತೀರಾ ಬಡಕಲು ಆಗಿರಬಾರದೆಂದು ಎಲ್ಲರಿಗೂ ಗೊತ್ತು. ಒಳಗಿರುವ ರೋಗವನ್ನು ಗುರುತಿಸಿ ಹೇಳಬಲ್ಲವರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮಂದಿ ಇದ್ದಾರೆ?

ಕಾಲೇಜು ಆರಿಸುವಾಗ ಮೊದಲು ನೋಡಬೇಕಾದದ್ದು ಮಾನ್ಯತೆ. ಪಶುವೈದ್ಯ ಪದವಿಗೆ ಭಾರತೀಯ ಪಶುವೈದ್ಯ ಪರಿಷತ್ತಿನ ಮಾನ್ಯತೆ ಇರಲೇಬೇಕು. ಇಲ್ಲವಾದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಓದಿದರೂ ವೈದ್ಯನೆಂದು ನೋಂದಣಿ ಆಗದು. ಹೊರರಾಜ್ಯದಲ್ಲಿ ಸೀಟು ಕೊಡಿಸುತ್ತೇನೆಂದ ಏಜೆಂಟನ ಮಾತು ನಂಬಿ, ಹೆಂಡತಿಯ ಬಳೆಗಳನ್ನು ಬಡ್ಡಿಗೆ ಅಡವಿಡಲು ಹೊರಟಿದ್ದ ತಂದೆಯೊಬ್ಬರು ನಮ್ಮ ಬಳಿ ಬಂದಿದ್ದರು. ಪರಿಷತ್ತಿನ ಪಟ್ಟಿ ತೆಗೆದು ನೋಡಿದರೆ ಆ ಕಾಲೇಜಿನ ಹೆಸರೇ ಅದರಲ್ಲಿಲ್ಲ! ಬಡ್ಡಿಯ ಪಾಪವೂ ಅಂಟುತ್ತಿತ್ತು, ಪದವಿಯೂ ಕೈಗೆ ಬರುತ್ತಿರಲಿಲ್ಲ.

ನಮ್ಮ ರಾಜ್ಯದಲ್ಲೇ ಸರಕಾರಿ ಸೀಟುಗಳಿವೆ, ಸಿಇಟಿ ಬರೆದು ಪಡೆಯಬಹುದು. ಬೀದರಿನ ಪಶು ವಿಶ್ವವಿದ್ಯಾಲಯದ ಕಾಲೇಜುಗಳು ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗಗಳಲ್ಲಿವೆ. ಅದೇ ವಿ.ವಿ.ಯ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿದೆ. ಕರಾವಳಿಯ ನಮ್ಮ ಕುಟುಂಬಗಳು ಅದನ್ನು ಯಾಕೆ ಮರೆಯುತ್ತವೋ ತಿಳಿಯದು. ಕೃಷಿಗೆ ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ, ತೋಟಗಾರಿಕೆಗೆ ಬಾಗಲಕೋಟೆ. ಎಲ್ಲರಿಗೂ ಬೆಂಗಳೂರೇ ಬೇಕು. ನಮ್ಮ ಅಭಿಪ್ರಾಯ ಬೇರೆ. ಭತ್ತ, ಹತ್ತಿ ಬೆಳೆಯುವ ಮನೆಯ ಹುಡುಗನಿಗೆ ರಾಯಚೂರಿನ ಹೊಲವೇ ಹೆಚ್ಚು ಕಲಿಸುತ್ತದೆ.

ಅಂಕ ಇದ್ದೂ ಕಾಗದ ಇಲ್ಲದೆ ಸೀಟು ಕಳೆದುಕೊಂಡವರನ್ನು ನೋಡಿದ್ದೇವೆ. 2ಬಿ ಪ್ರವರ್ಗದ ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಕಲ್ಯಾಣ ಕರ್ನಾಟಕದವರು 371ಜೆ ಪತ್ರ ಮಾಡಿಸಿದರೆ ಆ ಭಾಗದ ಕಾಲೇಜುಗಳ ಶೇ. 70 ಸೀಟುಗಳು ಸ್ಥಳೀಯರಿಗೇ ಮೀಸಲು. ತಂದೆ ಕೃಷಿಕರಾಗಿದ್ದರೆ ಕೃಷಿಕರ ಕೋಟಾವೂ ಉಂಟು. ಅದಕ್ಕೆ ದಾಖಲೆಗಳ ಜೊತೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ಹೊಲಕ್ಕೆ ಕಾಲಿಡದ ರೈತನ ಮಗ ಅಲ್ಲಿ ತಡವರಿಸುತ್ತಾನೆ. ಇನ್ನು ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟವರಿಗೆ ಪಶುವೈದ್ಯದ ದಾರಿ ಮುಚ್ಚಿದಂತೆಯೇ.

ಮಗಳನ್ನು ಕಳುಹಿಸಲು ಹಿಂಜರಿಯುವವರು ಒಂದು ದಿನ ಅವಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಕಾಲೇಜಿಗೆ ಹೋಗಿ ಬನ್ನಿ. ಹಾಸ್ಟೆಲ್ ನೋಡಿ, ನಮಾಝ್‌ಗೆ ಜಾಗ ಇದೆಯೇ ಎಂದು ಅಲ್ಲಿ ಓದುತ್ತಿರುವ ಹುಡುಗಿಯರನ್ನೇ ಕೇಳಿ. ಕಾಲೇಜಿನ ಪಶು ಆಸ್ಪತ್ರೆಗೆ ದಿನಕ್ಕೆ ಎಷ್ಟು ಹಸು, ಆಡು ಬರುತ್ತವೆ, ವಿದ್ಯಾರ್ಥಿಗಳು ಸ್ವತಃ ಮುಟ್ಟಿ ಚಿಕಿತ್ಸೆ ಮಾಡುತ್ತಾರೆಯೇ, ಬರೀ ನೋಡುತ್ತಾ ನಿಲ್ಲುತ್ತಾರೆಯೇ, ಅದನ್ನೂ ವಿಚಾರಿಸಿ. ಅದಾದ ಮೇಲೆ ಇಸ್ತಿಖಾರಾ ನಮಾಝ್ ಮಾಡಿ ನಿರ್ಧರಿಸಿ.

ಎಸ್ಸೆಸ್ಸೆಲ್ಸಿಯಲ್ಲೇ ನಿಂತ ಮಕ್ಕಳಿಗೆ ಕೃಷಿ ಡಿಪ್ಲೊಮಾ, ಪಶುಸಂಗೋಪನೆ ಡಿಪ್ಲೊಮಾ ಎರಡೂ ಇವೆ. ಎರಡು ವರ್ಷದ ಓದು. ಫಲಿತಾಂಶ ಬಂದ ಕೂಡಲೇ ವಿ.ವಿ.ಗಳ ಅರ್ಜಿಯ ಪ್ರಕಟಣೆ ಗಮನಿಸುತ್ತಿರಿ.