ಮೂಲೆಗಿಟ್ಟ ಗರಗಸದ ನಿದಾನ

ದುಡಿದು ಕೆಡುವ ವಸ್ತುಗಳು ಕೆಲವು. ದುಡಿಯದೆ ಕೆಡುವ ವಸ್ತುಗಳು ಕೆಲವು. ನೇಗಿಲಿನ ಗುಳವು ಉತ್ತು ಸವೆಯುವುದು. ಮರ ಕೊಯ್ಯುವ ಯಂತ್ರವಾದರೋ ಮೂಲೆಯಲ್ಲಿ ಕುಳಿತು ಕೆಡುವುದು. ಮಲೆನಾಡಿನ ತೋಟದ ಮನೆಗಳಲ್ಲಿ ಈಗ ಕೊಡಲಿಯ ಪಕ್ಕದಲ್ಲಿಯೇ ಚೈನ್ ಸಾ ಎಂಬ ಸರಪಳಿ ಗರಗಸವೂ ಸ್ಥಾನವನ್ನು ಪಡೆದಿದೆ. ಹಲವು ತಿಂಗಳು ಮೂಲೆಯಲ್ಲಿದ್ದು ಹೊರಗೆ ಬಂದ ಈ ಯಂತ್ರವು ಏಕೆ ಮುನಿಯುವುದು, ಅದನ್ನು ಸಮಾಧಾನಪಡಿಸುವ ಕ್ರಮವೇನು ಎಂಬುದನ್ನು ವಾಚಕ ಮಹಾಶಯರಿಗೆ ತಿಳಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ನಾವು ಯಂತ್ರವಿಶಾರದರಲ್ಲ. ತಪ್ಪು ಮಾಡಿ ಕಲಿತವರು.

ನಮ್ಮ ಮನೆಯಿರುವುದು ತೀರ್ಥಹಳ್ಳಿಯ ಸೀಮೆಯಲ್ಲಿ. ಕೆಲವು ವರ್ಷಗಳ ಹಿಂದೆ ಫಾಲ್ಗುಣ ಮಾಸದಲ್ಲಿ ಮಳೆಗಾಲದ ಸೌದೆಯನ್ನು ಕೊಯ್ದು ಮುಗಿಸಿದ ಮೇಲೆ, ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲನ್ನು ಹಾಗೆಯೇ ಉಳಿಸಿ, ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಕೊಟ್ಟಿಗೆಯ ಮೂಲೆಗೆ ಇಟ್ಟೆವು. ಶ್ರಾವಣದ ಒಂದು ರಾತ್ರಿ ಗಾಳಿಮಳೆಗೆ ಮಾವಿನ ಮರವೊಂದು ಕೇರಿಯ ದಾರಿಗೆ ಅಡ್ಡ ಬಿದ್ದಿತು. ಅದೇ ರಾತ್ರಿ ನೆರೆಮನೆಯ ವೃದ್ಧೆಗೆ ಉಬ್ಬಸವು ಹೆಚ್ಚಿ ಆಸ್ಪತ್ರೆಗೆ ಒಯ್ಯಬೇಕಾಯಿತು. ನಮ್ಮಲ್ಲಿ ಯಂತ್ರವಿದೆಯೆಂದು ಎಲ್ಲರೂ ಧೈರ್ಯದಿಂದಿದ್ದರು.

ಹಗ್ಗವನ್ನು ಎಳೆದೊಡನೆ ಯಂತ್ರವು ಎದ್ದಿತು. ಚೋಕ್ ತೆಗೆದೊಡನೆ ನಿಂತಿತು. ಮತ್ತೆ ಎದ್ದಿತು, ವೇಗವನ್ನು ಕೊಟ್ಟೊಡನೆ ಮತ್ತೆ ನಿಂತಿತು. ಹಿಂದೆ ಯಾರೋ ಕಾರ್ಬುರೇಟರಿನ ತಿರುಪುಗಳನ್ನು ತಿರುಗಿಸಿ ಇಂತಹ ಯಂತ್ರವನ್ನು ಸರಿಪಡಿಸಿದ್ದನ್ನು ಕಂಡಿದ್ದೆವು. ಆ ಅರೆಜ್ಞಾನದಿಂದ ನಾವೂ ಸ್ಕ್ರೂಡ್ರೈವರನ್ನು ಹಿಡಿದು ಅತ್ತಿತ್ತ ತಿರುಗಿಸಿದೆವು. ಯಂತ್ರವು ಕರ್ಕಶವಾಗಿ ಕೂಗುತ್ತ ಎರಡು ಕೊಂಬೆಗಳನ್ನು ಕೊಯ್ದು ಥಟ್ಟನೆ ನಿಂತಿತು. ಆಮೇಲೆ ಹಗ್ಗವು ಅಲುಗಲೇ ಇಲ್ಲ. ನೆರೆಯವರು ಕೊಡಲಿಯಿಂದ ದಾರಿ ಬಿಡಿಸಿ, ಆ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಮರದಾಚೆಗೆ ಹೊತ್ತು ದಾಟಿಸಿ, ಜೀಪಿನಲ್ಲಿ ಕಳುಹಿಸುವ ವೇಳೆಗೆ ಬೆಳಗಿನ ಜಾವವಾಗಿತ್ತು. ದೈವಕೃಪೆಯಿಂದ ಅವರು ಗುಣವಾಗಿ ಮನೆಗೆ ಬಂದರು. ಆದರೆ ಆ ಎರಡು ಗಂಟೆಗಳ ಕಾಲ ಅವರು ಉಸಿರಿಗಾಗಿ ಪಟ್ಟ ಕಷ್ಟವನ್ನು ನಾವು ಮರೆತಿಲ್ಲ.

ಮರುದಿನ ಪೇಟೆಯ ಮೆಕ್ಯಾನಿಕ್ಕನು ಟ್ಯಾಂಕಿನ ಮುಚ್ಚಳವನ್ನು ತೆಗೆದು ಮೂಸಿ ನೋಡಿ, “ಮೇಷ್ಟ್ರೇ, ಹಳೇ ಪೆಟ್ರೋಲು ಚೆಲ್ಲಿ ಹೊಸ ಫಿಲ್ಟರ್ ಹಾಕಿದ್ದರೆ ಸಾಕಿತ್ತು. ಈ ಸ್ಕ್ರೂಗಳನ್ನು ಮುಟ್ಟಿದವರು ಯಾರು?” ಎಂದನು. ಮೂವತ್ತು ವರ್ಷ ಮಕ್ಕಳನ್ನು ಪ್ರಶ್ನಿಸಿದ ನಾವು ಅಂದು ಉತ್ತರವಿಲ್ಲದೆ ನಿಂತೆವು. ಬಿಚ್ಚಿ ನೋಡಿದಾಗ ಪಿಸ್ಟನ್ನು ಉದ್ದಕ್ಕೂ ಗೀರುಬಿದ್ದಿತ್ತು.

ಇದರ ಕಾರಣವನ್ನು ವಿಚಾರಿಸೋಣ. ಈ ಎಂಜಿನ್ನಿನ ಒಳಭಾಗಕ್ಕೆ ಬೇರೆ ಎಣ್ಣೆಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟೂ ಸ್ಟ್ರೋಕ್ ಆಯಿಲೇ ಅದರ ಜಿಡ್ಡು. ಆದುದರಿಂದ ಪೆಟ್ರೋಲು ಕಡಿಮೆಯಾದರೆ ಜಿಡ್ಡೂ ಕಡಿಮೆಯಾಗುವುದು, ಶಾಖವು ಏರುವುದು. ಹಸಿದ ಯಂತ್ರವು ಕೆಲವು ನಿಮಿಷ ಹೆಚ್ಚು ವೇಗದಿಂದ ಓಡಿದಂತೆ ಕಂಡರೂ ಅದು ಜ್ವರದ ವೇಗವೇ ಹೊರತು ಆರೋಗ್ಯದ ವೇಗವಲ್ಲ.

ಪೆಟ್ರೋಲು ಕಡಿಮೆಯಾಗುವುದಕ್ಕೆ ಮೂಲವು ಹಳೆಯ ಪೆಟ್ರೋಲೇ. ತಿಂಗಳುಗಟ್ಟಲೆ ಇಟ್ಟ ಪೆಟ್ರೋಲಿನ ಲಘುವಾದ ಅಂಶಗಳು ಆವಿಯಾಗಿ, ಉಳಿದುದು ಅಂಟಾಗಿ, ಕಾರ್ಬುರೇಟರಿನ ಸೂಕ್ಷ್ಮವಾದ ರಂಧ್ರಗಳಲ್ಲಿ ಕಟ್ಟಿಕೊಳ್ಳುವುದು. ಯಂತ್ರವನ್ನು ಹೇಗೆ ವಾಲಿಸಿದರೂ ನಡೆಯುವಂತೆ ಮಾಡುವ ಡಯಾಫ್ರಮ್ ಎಂಬ ತೆಳುವಾದ ಪೊರೆಯೂ ಬಿರುಸಾಗುವುದು. ಇದಲ್ಲದೆ 2023ನೆಯ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಯೋಜನೆಯಂತೆ, ಈಗ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಬೆರೆತಿರುವುದು. ಎಥೆನಾಲ್ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ನೀರು ಮಿತಿಮೀರಿದರೆ ಎಥೆನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುವುವು. ಪೆಟ್ರೋಲನ್ನು ಹೀರುವ ಫಿಲ್ಟರೂ ಅಲ್ಲಿಯೇ ಇರುವುದು. ಮಲೆನಾಡಿನ ಮಳೆಗಾಲದಲ್ಲಿ ಇದರ ಪರಿಣಾಮವನ್ನು ಊಹಿಸಬಹುದು. ಅನೇಕ ಯಂತ್ರಗಳ ಕೈಪಿಡಿಗಳು ನೂರಕ್ಕೆ 10ಕ್ಕಿಂತ ಹೆಚ್ಚು ಎಥೆನಾಲನ್ನು ಒಪ್ಪುವುದಿಲ್ಲ. ತಮ್ಮ ಕೈಪಿಡಿಯನ್ನು ವಾಚಕರು ಓದಿ ನೋಡತಕ್ಕದ್ದು.

ಆಯುರ್ವೇದದಲ್ಲಿ ರೋಗಕಾರಣವನ್ನು ಅರಿಯುವುದಕ್ಕೆ ನಿದಾನವೆಂದು ಹೆಸರು. ಮಾಧವನಿದಾನವೆಂಬ ಗ್ರಂಥವೇ ಅದಕ್ಕೆಂದು ಹುಟ್ಟಿದೆ. ಕನ್ನಡದಲ್ಲಿ ಮೆಲ್ಲಗೆ ಎಂಬುದಕ್ಕೆ ನಿಧಾನವೆನ್ನುತ್ತೇವೆ. ಯಂತ್ರದ ವಿಷಯದಲ್ಲಿ ಎರಡೂ ಬೇಕು. ಸುಲಭವಾದುದನ್ನು ಮೊದಲು, ಕಠಿನವಾದುದನ್ನು ಕೊನೆಗೆ ನೋಡುವುದೇ ಕ್ರಮ. ಎಲ್ಲಕ್ಕೂ ಮುಂಚೆ ಯಂತ್ರವು ತಣ್ಣಗಿರಲಿ. ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿಗೆಯನ್ನು ಕಳಚಿರಲಿ. ದೀಪ, ಬೀಡಿ, ಒಲೆಗಳಿಂದ ದೂರವಾಗಿ ಬಯಲಿನಲ್ಲಿ ಕೆಲಸ ನಡೆಯಲಿ.

ಮೊದಲನೆಯದಾಗಿ, ಹಳೆಯ ಪೆಟ್ರೋಲನ್ನು ಪೂರ್ತಿಯಾಗಿ ಬಸಿದು ಹೊಸದನ್ನು ಬೆರೆಸಿ ಹಾಕಬೇಕು. ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಒಂದು ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್ ಆಯಿಲು. ಬಸಿದುದನ್ನು ಬಾವಿಯ ಬಳಿಗಾಗಲಿ ಚರಂಡಿಗಾಗಲಿ ಚೆಲ್ಲಕೂಡದು. ಎರಡನೆಯದಾಗಿ, ಟ್ಯಾಂಕಿನೊಳಗಿನ ಫಿಲ್ಟರನ್ನು ಬದಲಿಸಿ, ರಬ್ಬರಿನ ಕೊಳವೆ ಬಿರುಕುಬಿಟ್ಟಿದೆಯೇ ಎಂದು ಪರೀಕ್ಷಿಸಬೇಕು. ಮೂರನೆಯದು ಏರ್ ಫಿಲ್ಟರು. ಮರದ ಹುಡಿ ಕಟ್ಟಿದ್ದರೆ ಯಂತ್ರವು ಹೊಗೆಯುಗುಳುತ್ತ ಏದುವುದು. ನಾಲ್ಕನೆಯದು ಸ್ಪಾರ್ಕ್ ಪ್ಲಗ್ಗು. ಹಲವು ಸಲ ಹಗ್ಗವೆಳೆದ ಮೇಲೂ ಅದು ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೆ ಕಿಡಿಯಿಲ್ಲ. ಅದರ ತುದಿಯ ಅಂತರವು ಅನೇಕ ಯಂತ್ರಗಳಲ್ಲಿ 0.5 ಮಿಲಿಮೀಟರ್ ಇರುವುದು.

ಕೆಲವು ಲಕ್ಷಣಗಳು ತಾವಾಗಿಯೇ ಕಾರಣವನ್ನು ಹೇಳುವುವು. ಸ್ವಲ್ಪ ಹೊತ್ತು ಓಡಿ ನಿಂತು, ಟ್ಯಾಂಕಿನ ಮುಚ್ಚಳ ಸಡಿಲಿಸಿದೊಡನೆ ಗಾಳಿ ಒಳಕ್ಕೆಳೆದ ಸದ್ದಾಗಿ ಪುನಃ ಓಡಿದರೆ, ಟ್ಯಾಂಕಿಗೆ ಗಾಳಿ ಹೋಗುವ ರಂಧ್ರವು ಮುಚ್ಚಿದೆ. ಎಂಜಿನ್ನು ಚೆನ್ನಾಗಿ ಓಡಿದರೂ ಚಕ್ಕೆಯ ಬದಲು ಹಿಟ್ಟಿನಂತಹ ಹುಡಿ ಬೀಳುತ್ತಿದ್ದರೆ ದೋಷವು ಎಂಜಿನ್ನಿನಲ್ಲಿಲ್ಲ. ಸರಪಳಿಯ ಹಲ್ಲು ಮೊಂಡಾಗಿದೆ. ಇಷ್ಟನ್ನೂ ಮಾಡಿದ ಮೇಲೂ ಚೋಕ್ ಇಲ್ಲದೆ ಓಡದಿದ್ದರೆ ಕಾರ್ಬುರೇಟರನ್ನು ಬಿಚ್ಚಿ ತೊಳೆಯಿಸಿ ಪೊರೆಯನ್ನು ಬದಲಿಸಬೇಕು. ವೇಗದ ಗುಂಡಿಯನ್ನು ಬಿಟ್ಟ ಮೇಲೂ ಎಂಜಿನ್ನಿನ ಓಟವು ತಗ್ಗದಿದ್ದರೆ, ಅಥವಾ ಸರಪಳಿ ತಿರುಗುತ್ತಲೇ ಇದ್ದರೆ, ಆ ಕ್ಷಣವೇ ನಿಲ್ಲಿಸಿ ಬಲ್ಲವನ ಬಳಿಗೆ ಒಯ್ಯತಕ್ಕದ್ದು. ತಿರುಪುಗಳಾದರೋ ಎಲ್ಲಕ್ಕೂ ಕೊನೆ. ಮೂಲೆಗಿಟ್ಟ ದಿನ ಸರಿಯಾಗಿದ್ದ ತಿರುಪು ತಾನಾಗಿ ತಿರುಗುವುದು ಅಪರೂಪ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಗೆ ನಾವೇ ಉದಾಹರಣೆ.

ಇನ್ನು ಇಡುವ ಕ್ರಮ. ಟ್ಯಾಂಕನ್ನು ಬರಿದು ಮಾಡಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಸಣ್ಣ ವೇಗದಲ್ಲಿ ಓಡಿಸಬೇಕು. ಸರಪಳಿಯನ್ನು ಕಳಚಿ ಶುಚಿಮಾಡಿ ಎಣ್ಣೆ ಸವರಬೇಕು. ತೇವವಿಲ್ಲದ ಸ್ಥಳವೆಂದು ನಮ್ಮಲ್ಲಿ ಒಲೆಯ ಮೇಲಣ ಅಟ್ಟಕ್ಕೆ ಏರಿಸುವುದುಂಟು. ಪೆಟ್ರೋಲಿನ ವಾಸನೆಯಿರುವ ಯಾವುದನ್ನೂ ಅಲ್ಲಿ ಇಡಕೂಡದು. ಮಳೆಗಾಲದ ನಡುರಾತ್ರಿ ಬೇಕಾದೀತೆಂಬ ಭಯವಿದ್ದವರು ಪೆಟ್ರೋಲಿಗೆಂದೇ ಮಾಡಿದ ಡಬ್ಬಿಯಲ್ಲಿ ಒಂದು ಲೀಟರನ್ನು, ಆಯಿಲನ್ನು ಬೆರೆಸದೆ, ಮನೆಯಿಂದ ಹೊರಗೆ ಇಟ್ಟುಕೊಳ್ಳಲಿ. ತಿಂಗಳ ಕೊನೆಗೆ ಅದನ್ನು ಸ್ಕೂಟರಿಗೆ ಸುರಿದು ಹೊಸದನ್ನು ತಂದರೆ ನಷ್ಟವೇನೂ ಇಲ್ಲ. ಸರಪಳಿಯನ್ನು ತೊಡಿಸಿ ತಿಂಗಳಿಗೊಮ್ಮೆ ಯಂತ್ರವನ್ನು ಎಬ್ಬಿಸಿ ನೋಡಿದರೆ ಇನ್ನೂ ಉತ್ತಮ. ನೋಡಿದ ಮೇಲೆ ಟ್ಯಾಂಕನ್ನು ಪುನಃ ಬರಿದು ಮಾಡಲಿ.

ಈಗ ನಮ್ಮ ಯಂತ್ರದ ಹಿಡಿಗೆ ಒಂದು ಚೀಟಿಯನ್ನು ಕಟ್ಟಿದ್ದೇವೆ. ಟ್ಯಾಂಕು ಬರಿದಾದ ದಿನವನ್ನೂ ಕಡೆಯ ಸಲ ಎಬ್ಬಿಸಿದ ದಿನವನ್ನೂ ಅದರಲ್ಲಿ ಬರೆಯುತ್ತೇವೆ. ಶ್ರಾವಣದಲ್ಲಿ ಗಾಳಿ ಬೀಸಲಾರಂಭಿಸಿದರೆ ಆ ನೆರೆಮನೆಯ ತಾಯಿ ಜಗಲಿಯಲ್ಲಿ ಕುಳಿತೇ, “ಮೇಷ್ಟ್ರೇ, ನಿಮ್ಮ ಮೆಷಿನ್ನು ಎಚ್ಚರ ಉಂಟಷ್ಟೆ?” ಎಂದು ಕೇಳುತ್ತಾರೆ. ಚೀಟಿಯನ್ನು ನೋಡಿ, ಉಂಟೆಂದು ಹೇಳುತ್ತೇವೆ.