ಪದವಿ ವ್ಯಾಸಂಗದಲ್ಲಿ ಸಾಮಾನ್ಯ ಶಿಕ್ಷಣದ ಪತ್ರಿಕೆಗಳು: ಹಿಪ್ಪರಗಿ ಪ್ರದೇಶದ ವಿದ್ಯಾರ್ಥಿಗಳನ್ನು ಕುರಿತು ಒಂದು ವಿವೇಚನೆ

ಪ್ರತಿವರ್ಷವೂ ಪರೀಕ್ಷಾ ಫಲಿತಾಂಶಗಳು ಪ್ರಕಟವಾದ ತರುವಾಯ ನಮ್ಮ ವಿಭಾಗದ ಬಾಗಿಲಲ್ಲಿ ಒಂದೇ ಬಗೆಯ ಪ್ರಶ್ನೆಯನ್ನು ಹೊತ್ತ ಪಾಲಕರು ನಿಲ್ಲುತ್ತಾರೆ. "ಹುಡುಗ ಇತಿಹಾಸದಾಗ ಪಾಸ್ ಆಗ್ಯಾನಲ್ರೀ, ಮತ್ತ ಡಿಗ್ರಿ ಯಾಕ ಕೊಡವೊಲ್ಲರು?" ಎಂದು ಹಿಪ್ಪರಗಿಯ ಕಡೆಯ ಒಬ್ಬ ರೈತರು ನಮ್ಮನ್ನು ಕೇಳಿದುದುಂಟು. ಅವರ ಮಗನು ಮುಖ್ಯ ವಿಷಯಗಳೆಲ್ಲದರಲ್ಲಿಯೂ ಉತ್ತಮ ಅಂಕಗಳಿಂದ ತೇರ್ಗಡೆಯಾಗಿದ್ದನು. ಪರಿಸರ ಅಧ್ಯಯನದ ಒಂದು ಸಣ್ಣ ಪತ್ರಿಕೆಯೊಂದೇ ಉಳಿದಿತ್ತು. ಆ ಒಂದು ಪತ್ರಿಕೆಯಿಂದಾಗಿ ಶಿಕ್ಷಕರ ತರಬೇತಿಗೆ ಅರ್ಜಿ ಹಾಕುವ ಅವಕಾಶವು ಒಂದು ವರ್ಷ ಮುಂದಕ್ಕೆ ಹೋಯಿತು. ಇಂಥ ಪತ್ರಿಕೆಗಳು ಎಲ್ಲಿಂದ ಬಂದವು, ಪದವಿಯಲ್ಲಿ ಅವುಗಳ ತೂಕವೆಷ್ಟು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಈ ಪ್ರದೇಶದ ಶಿಕ್ಷಣದ ಪೂರ್ವವೃತ್ತಾಂತವನ್ನು ಸ್ವಲ್ಪ ನೆನೆಯಬೇಕು. ಜಮಖಂಡಿ, ಮುಧೋಳಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಸಂಸ್ಥಾನಗಳಾಗಿದ್ದವು. ಉಚ್ಚ ಶಿಕ್ಷಣವನ್ನು ಬಯಸಿದವರು ಧಾರವಾಡದ ಕರ್ನಾಟಕ ಕಾಲೇಜಿಗೋ (1917), ಸಾಂಗಲಿಯ ವಿಲಿಂಗ್ಡನ್ ಕಾಲೇಜಿಗೋ (1919), ಪುಣೆಗೋ ಹೋಗಬೇಕಾಗಿತ್ತು. ಪುಣೆಯ ಸರ್ ಪರಶುರಾಮಭಾವೂ ಕಾಲೇಜು ಜಮಖಂಡಿಯ ಸಂಸ್ಥಾನಿಕರ ಹೆಸರನ್ನೇ ಹೊತ್ತಿದೆ ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಸಂಸ್ಥಾನದ ಹೆಸರು ಅಷ್ಟು ದೂರ ಹೋಯಿತು; ಕಾಲೇಜು ಮಾತ್ರ ಊರಿಗೆ ತಡವಾಗಿ ಬಂದಿತು. 1949ರ ಕಾಯದೆಯಿಂದ ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟಿತು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಸ್ಥಾಪಿತವಾಗಿ ಈ ಭಾಗದ ಕಾಲೇಜುಗಳು ಅದರ ಆಶ್ರಯಕ್ಕೆ ಬಂದವು. 2023ರಲ್ಲಿ ಜಮಖಂಡಿಯಲ್ಲಿಯೇ ಬಾಗಲಕೋಟೆ ವಿಶ್ವವಿದ್ಯಾಲಯವು ಕಾರ್ಯಾರಂಭ ಮಾಡಿತು.

ಸಾಮಾನ್ಯ ಶಿಕ್ಷಣವೆಂಬ ಕಲ್ಪನೆಯೂ ಅದೇ 1949ರಲ್ಲಿ ನಮ್ಮ ದೇಶದ ವಿಶ್ವವಿದ್ಯಾಲಯಗಳ ಮುಂದೆ ಸ್ಪಷ್ಟವಾಗಿ ಬಂದಿತು. ಡಾ. ಸರ್ವೆಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ಆ ವರ್ಷದ ತನ್ನ ವರದಿಯಲ್ಲಿ ಸಾಮಾನ್ಯ ಶಿಕ್ಷಣಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿತು. ವಿಜ್ಞಾನದ ವಿದ್ಯಾರ್ಥಿಯು ಸಾಹಿತ್ಯ, ಸಮಾಜಗಳ ಅರಿವಿಲ್ಲದೆ, ಕಲೆಯ ವಿದ್ಯಾರ್ಥಿಯು ವಿಜ್ಞಾನದ ಗಂಧವಿಲ್ಲದೆ ಪದವೀಧರನಾಗುವುದು ಅಪೂರ್ಣ ಶಿಕ್ಷಣವೆಂಬುದೇ ಅದರ ತಿರುಳು. ಅಮೆರಿಕದಲ್ಲಿ ಇಂಥ ಪ್ರಯೋಗಗಳು ಮೊದಲೇ ನಡೆದಿದ್ದವು. ಕೊಲಂಬಿಯಾ ವಿಶ್ವವಿದ್ಯಾಲಯವು 1919ರಲ್ಲಿಯೇ ಸಮಕಾಲೀನ ನಾಗರಿಕತೆಯನ್ನು ಕುರಿತ ಪಾಠಕ್ರಮವನ್ನು ಆರಂಭಿಸಿತ್ತು.

ಆದರೆ ಮೇಲೆ ಹೇಳಿದ ಪರಿಸರ ಅಧ್ಯಯನದ ಪತ್ರಿಕೆಯು ಯಾವುದೊಂದು ಶಿಕ್ಷಣತಜ್ಞರ ಸಭೆಯಿಂದ ಹುಟ್ಟಿದ್ದಲ್ಲ. ಎಂ. ಸಿ. ಮೆಹತಾ ಎಂಬ ನ್ಯಾಯವಾದಿಗಳು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸುವ ದಿಕ್ಕಿನಲ್ಲಿ ಆದೇಶವಿತ್ತಿತು. ಅದು ಹಲವು ವರ್ಷ ಸರಿಯಾಗಿ ಪಾಲನೆಯಾಗದಿರಲು 2003ರಲ್ಲಿ ನ್ಯಾಯಾಲಯವು ಮತ್ತೆ ನಿರ್ದೇಶನ ಕೊಡಬೇಕಾಯಿತು. ತದನಂತರ ವಿಶ್ವವಿದ್ಯಾಲಯ ಅನುದಾನ ಆಯೋಗವು ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಪಠ್ಯವನ್ನು ಸಿದ್ಧಪಡಿಸಿತು. ಹೀಗೆ ನ್ಯಾಯಾಲಯದ ಆಜ್ಞೆಯ ಬಲವುಳ್ಳ ಪತ್ರಿಕೆಯನ್ನು ವಿದ್ಯಾರ್ಥಿಗಳು 'ಹೆಚ್ಚುವರಿ' ಎಂದು ಕರೆಯುವುದು ವಿಚಿತ್ರವೇ ಸರಿ.

ಇನ್ನು ತೂಕದ ಮಾತು. ವಾರಕ್ಕೆ ಒಂದು ಗಂಟೆಯ ಪಾಠವು ಒಂದು ಸೆಮಿಸ್ಟರ್‌ಪರ್ಯಂತ ನಡೆದರೆ ಅದು ಒಂದು ಕ್ರೆಡಿಟ್; ಪ್ರಾಯೋಗಿಕ ಕೆಲಸವಾದರೆ ಎರಡು ಗಂಟೆಗೆ ಒಂದು. ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್‌ಗಳು. ಅವುಗಳಲ್ಲಿ ಬಹುಶಿಸ್ತೀಯ ವಿಷಯಗಳಿಗೆ 9, ಭಾಷಾ ಸಾಮರ್ಥ್ಯಕ್ಕೆ 8, ಕೌಶಲಕ್ಕೆ 9, ಮೌಲ್ಯವರ್ಧಿತ ವಿಷಯಗಳಿಗೆ 6ರಿಂದ 8. ಕೂಡಿಸಿ ನೋಡಿದರೆ ಕಡಿಮೆಯೆಂದರೂ 32. ಅಂದರೆ ಪದವಿಯ ಕಾಲುಭಾಗಕ್ಕಿಂತ ಅಧಿಕ. ರಾಜ್ಯಗಳೂ ವಿಶ್ವವಿದ್ಯಾಲಯಗಳೂ ಈ ಪ್ರಮಾಣವನ್ನು ತಮ್ಮ ರೀತಿಯಲ್ಲಿ ಹೊಂದಿಸಿಕೊಂಡಿವೆಯಾದರೂ ಮುಖ್ಯ ವಿಷಯದಾಚೆಗಿನ ಭಾಗವು ಅಲ್ಪವೆಂಬ ಭ್ರಮೆಯನ್ನು ನೀಗಿಸಲು ಈ ಅಂಕೆಗಳೇ ಸಾಕು.

ಗೊಂದಲಕ್ಕೆ ಕಾರಣವು ಬೇರೆಯೇ ಇದೆ. ಕರ್ನಾಟಕವು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿಯನ್ನು ಪುನಾರಚಿಸಿ, ನಾಲ್ಕನೆಯ ವರ್ಷದ ಅವಕಾಶವನ್ನೂ ಮುಕ್ತ ಆಯ್ಕೆಯ ವಿಷಯಗಳನ್ನೂ ಡಿಜಿಟಲ್ ಕೌಶಲದಂಥ ಪತ್ರಿಕೆಗಳನ್ನೂ ತಂದಿತು. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದಿಂದ 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಯೇ ಬಂದಿತು. ಬನಹಟ್ಟಿಯ ನೇಕಾರರ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಕ್ಕ 2020ರಲ್ಲಿ, ಅಣ್ಣ 2022ರಲ್ಲಿ, ತಂಗಿ 2024ರಲ್ಲಿ ಬಿ.ಎ. ತರಗತಿಗೆ ಸೇರಿದರೆ ಒಂದೇ ಮನೆಯಲ್ಲಿ ಮೂರು ನಿಯಮಾವಳಿಗಳು ವಾಸಿಸುತ್ತವೆ! ಅಕ್ಕನ ಟಿಪ್ಪಣಿ ತಂಗಿಗೆ ಇತಿಹಾಸದಲ್ಲಿ ಉಪಯೋಗಕ್ಕೆ ಬಂದೀತು; ಅಕ್ಕನ ಸಲಹೆ ಬಾರದು. ಸಾಮಾನ್ಯವಾಗಿ ವಿದ್ಯಾರ್ಥಿಯು ಯಾವ ವರ್ಷ ಪ್ರವೇಶ ಪಡೆದನೋ ಆ ವರ್ಷದ ನಿಯಮಾವಳಿಯೇ ಅವನಿಗೆ ಅನ್ವಯಿಸುತ್ತದೆ. ನಮ್ಮಲ್ಲಿಗೆ ಬರುವ ತಕರಾರುಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯನ್ನು ಅರಿಯದಿರುವುದರಿಂದ ಉಂಟಾದವು.

ಮುಕ್ತ ಆಯ್ಕೆ ಎಂಬ ಮಾತಿನ ಬಗ್ಗೆಯೂ ನಮಗೆ ಸಂದೇಹವುಂಟು. ಅಧ್ಯಾಪಕರು ಬೆರಳೆಣಿಕೆಯಷ್ಟಿರುವ ಗ್ರಾಮಾಂತರ ಕಾಲೇಜಿನಲ್ಲಿ ವಿದ್ಯಾರ್ಥಿಯು ಆರಿಸಿಕೊಳ್ಳುವುದು ತನಗೆ ಬೇಕಾದುದನ್ನಲ್ಲ, ವೇಳಾಪಟ್ಟಿಯಲ್ಲಿ ಉಳಿದುದನ್ನು. ನೀತಿಯು ಯಾವುದೇ ಇರಲಿ, ಈ ಕೊರತೆಯನ್ನು ಸುತ್ತೋಲೆಯಿಂದ ತುಂಬಲಾಗದು. ಇತಿಹಾಸದ ಅಧ್ಯಾಪಕರಾದ ನಾವೇ ಪರಿಸರದ ಪಾಠವನ್ನು ಹೇಳಬೇಕಾದ ಪ್ರಸಂಗಗಳು ಬಂದಿವೆ, ಮೊದಮೊದಲು ಅದನ್ನು ಹೊರೆಯೆಂದೇ ಭಾವಿಸಿದ್ದೆವು ಎಂದು ಒಪ್ಪಿಕೊಳ್ಳುತ್ತೇವೆ.

ಒಂದು ಸಲ ಪಠ್ಯಪುಸ್ತಕವನ್ನು ಬದಿಗಿರಿಸಿ ಹಿಪ್ಪರಗಿಯ ಬ್ಯಾರೇಜನ್ನೇ ವಿಷಯವಾಗಿ ತೆಗೆದುಕೊಂಡೆವು. ಕೃಷ್ಣೆಯ ನೀರನ್ನು ತಡೆದು ಹೊಲಗಳಿಗೆ ಹರಿಸುವ ಆ ಕಟ್ಟಡವನ್ನು ತರಗತಿಯ ಎಷ್ಟೋ ವಿದ್ಯಾರ್ಥಿಗಳು ಬಾಲ್ಯದಿಂದ ಕಂಡವರು. 2019ರ ಮಹಾಪೂರದಲ್ಲಿ ನದಿಯು ದಂಡೆಯ ಹಳ್ಳಿಗಳಿಗೆ ನುಗ್ಗಿದುದನ್ನು ಉಂಡವರು. ಕಬ್ಬಿಗೆ ಎಷ್ಟು ನೀರು ಬೇಕು, ಸತತ ನೀರಾವರಿಯಿಂದ ಕರಿಮಣ್ಣು ಸವುಳಾಗುವುದೇಕೆ, ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ನಮ್ಮಲ್ಲಿ ಹೇಗೆ ಏರುತ್ತದೆ, ಎರಡು ರಾಜ್ಯಗಳು ಒಂದು ನದಿಯನ್ನು ಹಂಚಿಕೊಳ್ಳುವಾಗ ಸಂವಿಧಾನವು ಏನನ್ನುತ್ತದೆ ಎಂಬ ಪ್ರಶ್ನೆಗಳು ಅವರಿಂದಲೇ ಹೊರಟವು. ಅಂತರರಾಜ್ಯ ನದಿಗಳ ವ್ಯಾಜ್ಯವನ್ನು ಕುರಿತ 262ನೆಯ ಅನುಚ್ಛೇದವನ್ನು ಓದಿಸಿದಾಗ ಸಂವಿಧಾನದ ಪತ್ರಿಕೆಯೂ ಪರಿಸರದ ಪತ್ರಿಕೆಯೂ ಒಂದೇ ಪಾಠವಾಗಿ ಕೂಡಿಕೊಂಡವು. ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿಯು, ತನ್ನ ಅಜ್ಜನ ಹೊಲವು ಸವುಳಾದುದು ಯಾವ ವರ್ಷದಿಂದ ಎಂದು ಮನೆಯಲ್ಲಿ ಕೇಳಿ, ಮರುವಾರ ಬರೆದುಕೊಂಡು ಬಂದಳು. ಆ ಎರಡು ಪುಟಗಳನ್ನು ವಿಭಾಗದಲ್ಲಿ ಇರಿಸಿಕೊಂಡಿದ್ದೇವೆ.