ಕೆಂಪು ಮಾತ್ರೆ ಬಾಯಿಗೆ ಸೇರಲು ನಡೆದ ದಾರಿ

ಉಪಕೇಂದ್ರದಲ್ಲಿ ತಾಯಿ ಕಾರ್ಡಿನ ಜೊತೆ ಗರ್ಭಿಣಿಯ ಕೈಗೆ ಬರುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇವೆ. ಇವುಗಳಲ್ಲಿ ಫೋಲಿಕ್ ಆಮ್ಲದ ಕತೆ ಮುಂಬೈಯಲ್ಲಿ ಶುರುವಾಯಿತು.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ತೀವ್ರ ರಕ್ತಹೀನತೆ ಕಾಡುತ್ತಿತ್ತು. ಸೋಂಕು ಕಾರಣವಿರಬಹುದೇ ಎಂದು ನೋಡಿದ ವಿಲ್ಸ್, ಆ ಹೆಂಗಸರು ಏನು ಉಣ್ಣುತ್ತಾರೆ, ಹೇಗೆ ಬದುಕುತ್ತಾರೆ ಎಂದೂ ವಿಚಾರಿಸಿದರು. ಹಣ್ಣು, ಸೊಪ್ಪು, ತರಕಾರಿ ಕಾಣದ ಊಟವೇ ಅವರ ಅನುಮಾನಕ್ಕೆ ದಾರಿ ಮಾಡಿತು. ಯೀಸ್ಟ್‌ನಿಂದ ತಯಾರಾಗುವ ಅಗ್ಗದ ಮಾರ್ಮೈಟ್ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಅವರ ವರದಿ ಪ್ರಕಟವಾಯಿತು. ಹತ್ತು ವರ್ಷದ ಬಳಿಕ, 1941ರಲ್ಲಿ, ಅಮೆರಿಕದ ವಿಜ್ಞಾನಿಗಳು ಮಾರ್ಮೈಟ್‌ನಲ್ಲಿ ಕೆಲಸ ಮಾಡಿದ್ದ ಆ ಅಂಶವನ್ನು, ಅಂದರೆ ಫೋಲಿಕ್ ಆಮ್ಲವನ್ನು, ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು.

ಮದ್ದು ಸಿಕ್ಕಿತು, ಅದನ್ನು ಹಳ್ಳಿಗೆ ಒಯ್ಯುವವರು ಬೇಕಿತ್ತು. 1946ರ ಭೋರ್ ಸಮಿತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಮುಂದಿಟ್ಟಿತು. ಆ ಕೇಂದ್ರಗಳು ಬೇರೂರಿದ ಮೇಲೆ, 1970ರಲ್ಲಿ ಕೇಂದ್ರ ಸರ್ಕಾರ ಗರ್ಭಿಣಿಯರಿಗೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಆಗ ಲೆಕ್ಕ 100 ಮಾತ್ರೆ. ಕಬ್ಬಿಣಾಂಶದ ಪ್ರಮಾಣ ಮುಂದೆ 100 ಮಿಲಿಗ್ರಾಂಗೆ ಏರಿತು. 2018ರ 'ರಕ್ತಹೀನತೆ ಮುಕ್ತ ಭಾರತ' ಕಾರ್ಯಕ್ರಮ ಅದನ್ನು 60ಕ್ಕೆ ಇಳಿಸಿ, ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಎಂದು ಅವಧಿಯನ್ನು ಹಿಗ್ಗಿಸಿತು.

ಆದರೆ ಹಂಚಿದ್ದೆಲ್ಲ ನುಂಗಿದ್ದಲ್ಲ. ಮಾತ್ರೆಯಿಂದ ವಾಕರಿಕೆ, ಮಲಬದ್ಧತೆ ಬರುತ್ತದೆ, ಮಲ ಕಪ್ಪಾಗುತ್ತದೆ. ಮಗು ಕಪ್ಪಾಗುತ್ತದೆ ಎಂಬ ಭಯವೂ ಹಲವರಲ್ಲಿದೆ. ಈ ಅಡ್ಡಿಗಳನ್ನು ನೀಗಿಸುವುದು ಮಾತುಕತೆಯೇ. ಮಾತ್ರೆ ನುಂಗಿದ ಹೊತ್ತಿನಲ್ಲಿ ಚಹಾ, ಕಾಫಿ ಬೇಡ, ಅವು ಕಬ್ಬಿಣಾಂಶ ಮೈಗೆ ಹತ್ತಲು ಬಿಡವು. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಅದು ನೆರವಾಗುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ. ಹೀಗೆ ಮನೆಬಾಗಿಲಿಗೆ ಹೋಗಿ ಹೇಳಲು ಆಶಾ ಕಾರ್ಯಕರ್ತೆಯರು ಸಿಕ್ಕಿದ್ದು 2005ರ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ. ಕರ್ನಾಟಕ 2017ರಲ್ಲಿ ಮಾತೃಪೂರ್ಣ ಯೋಜನೆ ತಂದು, ಗರ್ಭಿಣಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಕೊಡಲು ಆರಂಭಿಸಿತು. ಊಟ ಸಿಗುವ ಜಾಗದಲ್ಲೇ ಮಾತ್ರೆಯ ನೆನಪನ್ನೂ ಮಾಡಿಸಬಹುದಾಯಿತು.

ತಪಾಸಣೆಯ ರೀತಿಯೂ ಬದಲಾಗಿದೆ. ಕಣ್ಣಿನ ರೆಪ್ಪೆ ಎಳೆದು, ಉಗುರು ನೋಡಿ ಅಂದಾಜು ಮಾಡುತ್ತಿದ್ದ ಕಡೆ ಈಗ ಬೆರಳ ತುದಿಯ ಒಂದು ಹನಿ ರಕ್ತದಿಂದ ಡಿಜಿಟಲ್ ಯಂತ್ರ ಹಿಮೋಗ್ಲೋಬಿನ್ ಮಟ್ಟ ತೋರಿಸುತ್ತದೆ. ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ರಿಂದ 10.9ರವರೆಗೆ ದಿನಕ್ಕೆ ಎರಡು ಮಾತ್ರೆ. 7ಕ್ಕಿಂತ ಕಡಿಮೆಯಾದರೆ ವೈದ್ಯರ ಕಣ್ಗಾವಲಿನಲ್ಲಿ ರಕ್ತನಾಳಕ್ಕೆ ಕಬ್ಬಿಣಾಂಶದ ಚುಚ್ಚುಮದ್ದು. 5ಕ್ಕಿಂತ ಇಳಿದರೆ ತಡಮಾಡದೆ ಆಸ್ಪತ್ರೆಗೆ ದಾಖಲು. ಹೆರಿಗೆಯ ಹೊತ್ತಿನ ರಕ್ತಸ್ರಾವವನ್ನು ತಡೆದುಕೊಳ್ಳುವ ಶಕ್ತಿ ಇಂಥ ತಾಯಿಗೆ ಇರುವುದಿಲ್ಲ. ಮಗು ತೂಕ ಕಡಿಮೆಯಾಗಿ, ಅವಧಿಗೆ ಮುನ್ನ ಹುಟ್ಟುವ ಅಪಾಯವೂ ಹೆಚ್ಚು.

ಇಷ್ಟೆಲ್ಲ ನಡೆದೂ ಫಲ ಕೈಗೆ ಬಂದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ರಕ್ತಹೀನತೆ 2015-16ರಲ್ಲಿ ಶೇ 45.4 ಇತ್ತು, 2019-21ರಲ್ಲಿ ಶೇ 45.7. ದೇಶದ ಪ್ರಮಾಣ ಶೇ 50.4ರಿಂದ 52.2ಕ್ಕೆ ಏರಿದೆ. ಮದುವೆಗೆ ಮೊದಲೇ ರಕ್ತ ಕಡಿಮೆಯಿರುವ ಹುಡುಗಿ ಗರ್ಭಿಣಿಯಾದ ಮೇಲಷ್ಟೇ ಮಾತ್ರೆ ಕಂಡರೆ ಆರು ತಿಂಗಳಲ್ಲಿ ಎಲ್ಲವೂ ಸರಿಹೋಗುವುದು ಕಷ್ಟ. ಕೊಕ್ಕೆಹುಳು, ಬೇಳೆ-ಸೊಪ್ಪು ಕಾಣದ ತಟ್ಟೆ, ಎರಡು ಹೆರಿಗೆಗಳ ನಡುವಿನ ಕಿರು ಅಂತರ, ಇವೂ ಕಾರಣಗಳೇ.

ಲೂಸಿ ವಿಲ್ಸ್ ಹೆಂಗಸರ ಊಟ ವಿಚಾರಿಸಿದರು, ಮದ್ದು ಕೊಟ್ಟ ಮೇಲೆ ರಕ್ತ ಏರಿತೇ ಎಂದೂ ನೋಡಿದರು. ನಮ್ಮ ವ್ಯವಸ್ಥೆ ಕಲಿಯಬೇಕಾದದ್ದು ಇದನ್ನೇ. ಎಷ್ಟು ಮಾತ್ರೆ ಹಂಚಿದೆವು ಎಂಬ ಲೆಕ್ಕ ಸಾಲದು. ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸಿ, ಹಿಮೋಗ್ಲೋಬಿನ್ ಎಷ್ಟು ಏರಿತು ಎಂಬುದು ತಾಯಿ ಕಾರ್ಡಿನಲ್ಲಿ ದಾಖಲಾಗಬೇಕು, ಏರದಿದ್ದರೆ ಅದೇ ವಾರ ಯಾರಾದರೂ ಆ ಮನೆಗೆ ಹೋಗಬೇಕು. ಹಾಗೆ ಹೋಗುವ ಆಶಾ ಕಾರ್ಯಕರ್ತೆಗೆ ತಕ್ಕ ಸಂಭಾವನೆಯೂ ಗೌರವವೂ ಸಿಗಬೇಕು. ಮಾತ್ರೆಯ ಖರ್ಚಿನಷ್ಟೇ ಇದೂ ಚಿಕಿತ್ಸೆಯ ಖರ್ಚು.